ದರೋಜಿ ಕರಡಿಧಾಮದಲ್ಲಿ ಬಂಡೆ ಬಿಟ್ಟರೆ ಏನಿದೆ?

"ಹಂಪಿಗೆ ಬರ್ತಿದ್ದೀವಿ, ದರೋಜಿಗೆ ಅರ್ಧ ದಿನ ಇಡಬಹುದಾ? ಫೋಟೊದಲ್ಲಿ ಬರೀ ಬಂಡೆ ಕಾಣುತ್ತೆ, ಕಾಡೇ ಇಲ್ವಲ್ಲ. ಸುತ್ತಲಿನ ಊರಿನವರಿಗೆ ಇದರಿಂದ ಏನಾದರೂ ಲಾಭ ಇದೆಯಾ?" ಅಂತ ಕೇಳಿದ್ದೀರಿ. ನಮ್ಮದು ಕಂಪ್ಲಿ ಕಡೆ. ಗೊತ್ತಿರುವಷ್ಟು ಹೇಳುತ್ತೇನೆ.

ಧಾರಾಳವಾಗಿ ಇಡಿ. ಆದರೆ ಮಲೆನಾಡಿನ ಕಾಡು ನೆನೆಸಿಕೊಂಡು ಬರಬೇಡಿ. ಇದು ಬಿಸಿಲು ನಾಡು, ಮಳೆ ಕಡಿಮೆ. ಹಂಪಿಯಲ್ಲಿ ನೋಡುವ ಅದೇ ಗುಂಡುಗಲ್ಲುಗಳ ಗುಡ್ಡಗಳು ಇಲ್ಲೂ ಮುಂದುವರಿಯುತ್ತವೆ. ಆ ಕಲ್ಲುಗಳ ಸಂದುಗಳೇ ಕರಡಿಯ ಮನೆ. ಹೊರಗೆ ಬಂಡೆ ಕಾಲಿಡಲಾಗದಷ್ಟು ಕಾದಿರುತ್ತದೆ, ಒಳಗೆ ಗವಿ ತಂಪಾಗಿರುತ್ತದೆ. ಮರಿ ಹಾಕುವುದೂ ಅಲ್ಲೇ. ಕೆಳಗಿನ ಮುಳ್ಳುಪೊದೆ ನೋಡಿ ಸುಮ್ನೆ ಕುರುಚಲು ಅನ್ನಬೇಡಿ. ಕವಳೆ, ಬಾರೆ, ಕಕ್ಕೆ, ಸೀತಾಫಲ ಎಲ್ಲ ಅದರಲ್ಲೇ ಇವೆ, ಜೊತೆಗೆ ಹುತ್ತಗಳು. ಒಂದೊಂದು ಹಣ್ಣಿಗೆ ಒಂದೊಂದು ಕಾಲ. ಹಣ್ಣಿಲ್ಲದಾಗ ಗೆದ್ದಲು, ಇರುವೆ. ನಮ್ಮ ಕರಡಿಗೆ ಮೇಲ್ದವಡೆಯ ಮುಂದಿನ ಎರಡು ಹಲ್ಲು ಇರುವುದಿಲ್ಲ. ಹುತ್ತ ಬಗೆದು, ಮಣ್ಣು ಊದಿ ಹಾರಿಸಿ, ಆ ಸಂದಿನಿಂದಲೇ ಗೆದ್ದಲನ್ನು ಸೊರಕ್ಕನೆ ಎಳೆದುಕೊಳ್ಳುತ್ತದೆ. ಆ ಸದ್ದು ದೂರದವರೆಗೂ ಕೇಳುತ್ತದೆ.

ಬಿಳಿಕಲ್ಲು ಮೀಸಲು ಅರಣ್ಯವನ್ನು 1994ರಲ್ಲಿ ಕರಡಿಧಾಮ ಮಾಡಿದರು. ಕಮಲಾಪುರದಿಂದ ಹೆಚ್ಚುಕಡಿಮೆ 15 ಕಿ.ಮೀ. ಕಮಲಾಪುರದ ಹತ್ತಿರವೇ ಒಂದು ಮೃಗಾಲಯವಿದೆ, ಅದನ್ನು ನೋಡಿ ದರೋಜಿ ನೋಡಿದೆವು ಅನ್ನುವವರು ಬಹಳ ಜನ. ಎರಡೂ ಬೇರೆ ಬೇರೆ.

ಇಲ್ಲಿ ಒಳಗೆಲ್ಲ ತಿರುಗಾಡಲು ಬಿಡುವುದಿಲ್ಲ. ವೀಕ್ಷಣಾ ಗೋಪುರದಲ್ಲಿ ಕೂರಬೇಕು. ಎದುರಿನ ಗುಡ್ಡದ ಬಂಡೆಗೆ ಮಧ್ಯಾಹ್ನ ಸಿಬ್ಬಂದಿ ಬೆಲ್ಲದ ಪಾಕ ಬಳಿದು ಹೋಗುತ್ತಾರೆ. ಮೊದಲು ನವಿಲು, ಮುಂಗುಸಿ, ಕಾಡುಹಂದಿ ಬರುತ್ತವೆ. ಬಿಸಿಲು ಇಳಿದಂತೆ ಮೇಲಿನ ಸಂದಿನಿಂದ ಒಂದು ಕಪ್ಪು ಚುಕ್ಕೆ ಹೊರಡುತ್ತದೆ. ಬಂಡೆಯಿಂದ ಬಂಡೆಗೆ ಅವಸರವಿಲ್ಲದೆ ಇಳಿದು, ಮೂತಿ ಕಲ್ಲಿಗೆ ಒತ್ತಿ ನೆಕ್ಕಲು ಶುರು. ತಾಯಿ ಕರಡಿಯಾದರೆ ಮರಿಗಳು ಬೆನ್ನಿನ ಕೂದಲು ಹಿಡಿದು ಸವಾರಿ ಮಾಡುತ್ತಿರುತ್ತವೆ. ಬೈನಾಕ್ಯುಲರ್ ಮರೆಯಬೇಡಿ. ಹೀಗೆ ಬೆಲ್ಲದ ಆಸೆ ತೋರಿಸಿ ಕರೆಯುವುದು ನನಗೆ ಅಷ್ಟು ಸರಿಕಾಣುವುದಿಲ್ಲ. ಆದರೆ ಅದಿಲ್ಲದಿದ್ದರೆ ನಿಮ್ಮಂಥವರಿಗೆ ಕರಡಿ ಕಾಣುವುದೂ ಕಷ್ಟ, ಅಲ್ವಾ? ಹಕ್ಕಿ ಹುಚ್ಚಿನವರಂತೂ ಹಳದಿ ಕತ್ತಿನ ಪಿಕಳಾರ, ಪೇಂಟೆಡ್ ಸ್ಪರ್‌ಫೌಲ್ ಅನ್ನುವ ಕಾಡುಕೋಳಿ ಜಾತಿಯ ಹಕ್ಕಿ ಹುಡುಕಿಕೊಂಡು ಬರುತ್ತಾರೆ. ಎರಡಕ್ಕೂ ಇಂಥ ಕಲ್ಲುಗುಡ್ಡವೇ ಬೇಕು.

ಇನ್ನು ಊರಿನವರ ಮಾತು. ಇಲ್ಲಿ ಯಾರ ಬದುಕು ಹೇಗಿದೆ ಅನ್ನುವುದು ಕಾಲುವೆ ಎಲ್ಲಿಯವರೆಗೆ ಬಂದಿದೆ ಅನ್ನುವುದರ ಮೇಲೆ ನಿಂತಿದೆ. ತುಂಗಭದ್ರೆಯ ನೀರು ಸಿಗುವ ಕಡೆ ಭತ್ತ, ಬಾಳೆ, ಕಬ್ಬು. ವಿಜಯನಗರದ ಕಾಲದ ಕಾಲುವೆಗಳಲ್ಲಿ ಕೆಲವು ಇವತ್ತಿಗೂ ಹರಿಯುತ್ತಿವೆ. ಗುಡ್ಡದ ಅಂಚಿಗೆ ಬಂದರೆ ಎಲ್ಲ ಒಣ ಬೇಸಾಯ: ಶೇಂಗಾ, ಜೋಳ, ಮೆಕ್ಕೆಜೋಳ, ಒಂದಿಷ್ಟು ಕುರಿ. ಕರಡಿ ಮೊದಲು ಇಳಿಯುವುದು ಈ ಹೊಲಗಳಿಗೇ. ಶೇಂಗಾ ಕಿತ್ತು ತಿನ್ನುವುದಕ್ಕಿಂತ ತುಳಿದು ಹಾಳು ಮಾಡುವುದೇ ಜಾಸ್ತಿ. ರಾತ್ರಿ ಕರೆಂಟ್ ಬಂದಾಗ ಪಂಪ್ ಹಾಕಲು ಹೋಗುವ ರೈತನಿಗೆ ಅದು ಎದುರಾದರೆ ಕಥೆ ಮುಗಿಯಿತು. ಅದರ ಕಣ್ಣು ಮಂದ. ಮನುಷ್ಯ ತೀರ ಹತ್ತಿರ ಬಂದಾಗಲೇ ಗೊತ್ತಾಗಿ, ಹೆದರಿ ಮೇಲೆ ಬೀಳುತ್ತದೆ. ಉಗುರು ಹಾಕುವುದು ಹೆಚ್ಚಾಗಿ ತಲೆ, ಮುಖಕ್ಕೆ.

ಪ್ರವಾಸಿಗರ ದುಡ್ಡು ಹೋಗುವುದು ಬಹುಪಾಲು ಹಂಪಿ, ಹೊಸಪೇಟೆಯ ಲಾಡ್ಜ್, ಹೋಟೆಲುಗಳಿಗೆ. ಕರಡಿಯ ನಷ್ಟ ಅಂಚಿನ ರೈತನಿಗೆ. ಸರ್ಕಾರದ ಪರಿಹಾರ ಇದೆ, ಆದರೆ ಅರ್ಜಿ ಹಿಡಿದು ಅಲೆಯುವುದು ಯಾರಿಗೆ ಗೊತ್ತಿಲ್ಲ ಹೇಳಿ. ಹುಡುಗರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೋ ಸಂಡೂರಿನ ಗಣಿ ಲಾರಿಗೋ ಹೋಗುತ್ತಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ಕೆಲಕಾಲ ನಿಲ್ಲಿಸಿದಾಗ ಧೂಳು ಇಳಿಯಿತು, ಎಷ್ಟೋ ಮನೆಗಳ ಆದಾಯವೂ ಇಳಿಯಿತು. ನನ್ನ ಚಿಂತೆ ಬೇರೆ. ಅದಿರು ಬೇಕು ಅನ್ನುವವರ ಜೊತೆಗೆ ಗ್ರಾನೈಟ್ ಬೇಕು ಅನ್ನುವವರೂ ಇದ್ದಾರೆ. ಧಾಮದ ಗಡಿಯಾಚೆಯ ಗುಡ್ಡಗಳಲ್ಲೂ ಕರಡಿಗಳಿವೆ. ಅಲ್ಲಿ ಬಂಡೆ ಒಡೆದರೆ ಅವುಗಳ ಗವಿಯೂ ಹೋಯಿತು. ಗಿಡ ಹೇಗೋ ನೆಡಬಹುದು, ಗವಿ ನೆಡಲು ಬರುತ್ತದೆಯೇ?

ನೀವು ಬರುವಾಗ ಹೊಸಪೇಟೆಯಿಂದ ಪ್ಯಾಕೇಜ್ ಮಾಡಿಸಬೇಡಿ. ಕಮಲಾಪುರಕ್ಕೆ ಬಂದು ಅಲ್ಲಿನ ಆಟೊ ಮಾತಾಡಿ, ಹೋಗಿ ಬರುವ ಬಾಡಿಗೆ ಮೊದಲೇ ಕುದುರಿಸಿ. ಮಧ್ಯಾಹ್ನದ ಊಟ ಮುಗಿಸಿಯೇ ಹೊರಡಿ, ಒಳಗೆ ತಿನ್ನಲು ಏನೂ ಸಿಗುವುದಿಲ್ಲ ಅಂದುಕೊಂಡೇ ಬನ್ನಿ.