ಅದು ಬೇರೆ ವಿಷಯ ಅಲ್ಲ, ಅದೇ ವಿಷಯ

ಈ ವಾರ ಬಂದ ಪತ್ರಗಳಲ್ಲಿ ಅತ್ತೆ-ಸೊಸೆ ಎರಡು, ಆಸ್ತಿ ಜಗಳ ಒಂದು, ಮದುವೆಗೆ ಒಪ್ಪದ ಮಗ ಒಂದು ಇದ್ದವು. ಅವೆಲ್ಲ ಮುಂದಿನ ವಾರಕ್ಕೆ ಕಾಯಲಿ. ಹುಬ್ಬಳ್ಳಿಯಿಂದ ಬಂದ ಒಂದು ಪತ್ರ ಓದಿದ ಮೇಲೆ ನನಗೆ ಎರಡು ದಿನ ಸಮಾಧಾನವೇ ಇರಲಿಲ್ಲ. ಮೊದಲು ಬರೆದವರ ಮೇಲೆ ಸಿಟ್ಟು ಬಂತು. ಇನ್ನೊಮ್ಮೆ ಓದಿದಾಗ ಪಾಪ ಅನ್ನಿಸಿತು. ಮೂರನೇ ಸಲ ಓದಿದಾಗ ಸಿಟ್ಟು ಮತ್ತೆ ಬಂತು, ಆದರೆ ಬೇರೆಯವರ ಮೇಲೆ.

ಸಂಗತಿ ಇಷ್ಟು. ಪತ್ರ ಬರೆದವರು ಮೈಸೂರು ಕಡೆಯವರು. ಕನ್ನಡದಲ್ಲಿ ಎಂ.ಎ. ಮಾಡಿದ್ದಾರೆ, ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾರೆ. ಗಂಡನಿಗೆ ವರ್ಗವಾಗಿ ಹುಬ್ಬಳ್ಳಿಗೆ ಬಂದು ನಾಲ್ಕು ವರ್ಷವಾಯಿತು. ಅಲ್ಲಿ ಕಥೆ ಬರೆಯುವವರ ಒಂದು ಬಳಗ ಸೇರಿದ್ದಾರೆ. ತಿಂಗಳಿಗೊಂದು ಭಾನುವಾರ ಎಲ್ಲರೂ ಸೇರುತ್ತಾರೆ. ಉಳಿದ ದಿನ ವಾಟ್ಸಾಪ್ ಗುಂಪಿನಲ್ಲಿ ಕಥೆ ಹಾಕುತ್ತಾರೆ. ಗುಂಪಿನಲ್ಲಿ 140 ಜನ.

ಅದೇ ಗುಂಪಿನಲ್ಲಿ ನವಲಗುಂದ ಕಡೆಯ ಒಬ್ಬ ಹಿರಿಯರಿದ್ದಾರೆ. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಎಲ್ಲರೂ ಅವರನ್ನು ಅಕ್ಕೋರು ಅಂತಲೇ ಕರೆಯುತ್ತಾರೆ. ಅವರು ಮೊದಲ ಸಲ ಒಂದು ಕಥೆ ಹಾಕಿದರು. ಮೂರು ಪುಟ. ಗಂಡ ತೀರಿಕೊಂಡ ವರ್ಷ ಎಳ್ಳ ಅಮಾವಾಸ್ಯೆಯ ದಿನ ಒಬ್ಬಳು ಅವ್ವ ಒಬ್ಬಳೇ ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಾಳೆ, ಮಗಳು ಹೇಳದೆ ಕೇಳದೆ ಹಿಂದೆ ಹೋಗುತ್ತಾಳೆ. ಅಷ್ಟೇ ಕಥೆ. ಕೆಳಗೆ 'ತಪ್ಪಿದ್ರ ತಿದ್ರಿ' ಅಂತ ಬರೆದಿದ್ದರು.

ನಮ್ಮ ಮೇಡಂ ತಿದ್ದಿದರು. ರಾತ್ರಿ ಹನ್ನೊಂದೂವರೆಗೆ, ನಂಬರ್ ಹಾಕಿ, 31 ತಪ್ಪುಗಳ ಪಟ್ಟಿಯನ್ನು ಗುಂಪಿಗೇ ಹಾಕಿದರು. ಬೆಳಗ್ಗೆ ಎದ್ದು ನೋಡಿದರೆ ಅಕ್ಕೋರು ಗುಂಪು ಬಿಟ್ಟಿದ್ದರು. ಈಗ ಗುಂಪಿನ ಅಡ್ಮಿನ್ 'ಎಲ್ಲರ ಮುಂದೆ ಕ್ಷಮೆ ಕೇಳಿ' ಅನ್ನುತ್ತಿದ್ದಾರಂತೆ. ಇವರ ಪ್ರಶ್ನೆ: 'ನಾನು ಹೇಳಿದ್ದರಲ್ಲಿ ಒಂದಾದರೂ ಸುಳ್ಳಿದೆಯೇ? ಅವರೇ ತಿದ್ದಿ ಅಂದಿದ್ದರು. ಸರಿ ಹೇಳಿದ್ದಕ್ಕೆ ನಾನೇಕೆ ಕ್ಷಮೆ ಕೇಳಬೇಕು?' ಪಟ್ಟಿಯನ್ನೂ ಕಥೆಯನ್ನೂ ಪತ್ರದ ಜೊತೆ ಇಟ್ಟಿದ್ದಾರೆ.

ಅದೇ ಒಳ್ಳೆಯದಾಯಿತು ಮೇಡಂ. ಒಂದು ಪೆನ್ಸಿಲ್ ಹಿಡಿದು ನಿಮ್ಮ ಪಟ್ಟಿಯನ್ನು ನಾನೂ ತಿದ್ದಿದೆ.

31ರಲ್ಲಿ 14 ತಪ್ಪು ಫೋನಿನದು. ಅಕ್ಕೋರು ಬೆರಳಲ್ಲಿ ಟೈಪ್ ಮಾಡುವುದಿಲ್ಲ, ಬಾಯಲ್ಲಿ ಹೇಳಿ ಬರೆಸುತ್ತಾರೆ ಅಂತ ನೀವೇ ಬರೆದಿದ್ದೀರಿ. ಫೋನಿಗೆ ಹೇಳಿ ಬರೆಸಿದ ಯಾರಿಗಾದರೂ ಗೊತ್ತು, ಅದು ಎಲ್ಲಿ ಬೇಕೋ ಅಲ್ಲಿ ಪದ ಒಡೆಯುತ್ತದೆ, ಎಲ್ಲಿ ಬೇಡವೋ ಅಲ್ಲಿ ಅಂಟಿಸುತ್ತದೆ. ಪೂರ್ಣವಿರಾಮ ಅಂತೂ ಮರೆತೇ ಬಿಡಿ. ಈ 14ರಲ್ಲಿ ನೀವು ಬೈದದ್ದು ಅಕ್ಕೋರಿಗಲ್ಲ, ಅವರ ಮೊಮ್ಮಗ ಕೊಡಿಸಿದ ಫೋನಿಗೆ.

ಇನ್ನು 11 ತಪ್ಪೇ ಅಲ್ಲ. 'ನೀರಡಕಿ' ಹೊಡೆದು 'ಬಾಯಾರಿಕೆ' ಮಾಡಿದ್ದೀರಿ. 'ಚುಕ್ಕಿ' ತೆಗೆದು 'ನಕ್ಷತ್ರ' ಇಟ್ಟಿದ್ದೀರಿ. ಅವ್ವ ಮಗಳನ್ನು 'ನೀ ಯಾಕ ಬಂದಿ?' ಅಂತ ಕೇಳುತ್ತಾಳೆ. ನೀವು ಅದನ್ನು 'ನೀನು ಏಕೆ ಬಂದೆ?' ಮಾಡಿದ್ದೀರಿ. ಹೊಲದ ಬದುವಿನ ಮೇಲೆ, ಗಂಡ ಇಲ್ಲದ ಮೊದಲ ವರ್ಷ, ಕಣ್ಣೀರು ನುಂಗಿಕೊಂಡು ನಿಂತ ಒಬ್ಬ ಹೆಂಗಸು 'ಏಕೆ' ಅನ್ನುತ್ತಾಳಾ? ಜಿಲ್ಲಾಧಿಕಾರಿ ಕೊಟ್ಟ ನೋಟಿಸಿನ ಹಾಗಿದೆ ಅದು.

ಐದು ನಿಜವಾದ ತಪ್ಪು. ಒಪ್ಪಿದೆ. ಅದರಲ್ಲೂ ಒಂದು ಬಹಳ ಒಳ್ಳೆಯ ಕಣ್ಣಿಗೆ ಮಾತ್ರ ಕಾಣುವಂಥದ್ದು: ಮೊದಲ ಪುಟದಲ್ಲಿ ಹುಡುಗಿಗೆ ಒಂಬತ್ತು ವರ್ಷ, ಮೂರನೇ ಪುಟದಲ್ಲಿ ಹನ್ನೊಂದು. ಇದನ್ನು ಹಿಡಿದದ್ದಕ್ಕೆ ನಿಮಗೆ ಶಭಾಶ್. ಆದರೆ ಅದನ್ನು ಎಲ್ಲಿಟ್ಟಿರಿ? 22ನೇ ನಂಬರಿನಲ್ಲಿ, ಒಂದು ಅಲ್ಪವಿರಾಮದ ಕೆಳಗೆ. ಆ ಹೊತ್ತಿಗೆ ಅಕ್ಕೋರು ಓದುವುದನ್ನು ಬಿಟ್ಟಿರುತ್ತಾರೆ.

ಎಷ್ಟಾಯಿತು? 14, 11, 5. ಮೂವತ್ತು. ಉಳಿದ ಒಂದು ನಿಮ್ಮ ತಪ್ಪು.

ಕಥೆಯಲ್ಲಿ 'ಚರಗ' ಅಂತ ನಾಲ್ಕು ಸಲ ಬರುತ್ತದೆ. ನೀವು ಪಕ್ಕದಲ್ಲಿ 'ಚರಕ?' ಅಂತ ಬರೆದು ಪ್ರಶ್ನೆಚಿಹ್ನೆ ಹಾಕಿದ್ದೀರಿ. ನೂಲುವ ಚರಕ ಅಲ್ಲ ತಾಯಿ ಅದು. ಆ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆಗೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ನಿಂತ ಬೆಳೆಗೆ ಪೂಜೆ ಮಾಡಿ, ತಂದ ಅಡುಗೆಯಲ್ಲಿ ಒಂದು ಪಾಲನ್ನು ಹೊಲದ ತುಂಬ ಚೆಲ್ಲುತ್ತಾ ಹೋಗುತ್ತಾರೆ. ಭೂಮಿತಾಯಿಗೆ ಊಟ. ಅದು ಚರಗ. ಪ್ರತಿ ವರ್ಷ ಅದನ್ನು ಚೆಲ್ಲುತ್ತಿದ್ದವನು ಗಂಡ. ಈ ವರ್ಷ ಅವ್ವನೇ ಚೆಲ್ಲಬೇಕು. ಅವಳ ಕೈ ಏಳುತ್ತಿಲ್ಲ. ಕಥೆ ಇರುವುದೇ ಆ ಪದದಲ್ಲಿ. ಆ ಪದದ ಮೇಲೆ ನೀವು ಪ್ರಶ್ನೆಚಿಹ್ನೆ ಹಾಕಿದಿರಿ. ನಾಲ್ಕು ವರ್ಷದಿಂದ ಆ ಊರಿನಲ್ಲಿದ್ದೀರಿ, ಪಕ್ಕದ ಮನೆಯವರನ್ನು ಒಂದು ಮಾತು ಕೇಳಿದ್ದರೆ ಹೋಳಿಗೆ ಸಮೇತ ಉತ್ತರ ಸಿಗುತ್ತಿತ್ತು.

'ಅವರೇ ತಿದ್ದಿ ಅಂದಿದ್ದರು' ಅನ್ನುತ್ತೀರಿ. ಯಾರೋ ಊಟಕ್ಕೆ ಕರೆಯುತ್ತಾರೆ. 'ಏನೂ ಜಾಸ್ತಿ ಮಾಡಿಲ್ಲ, ಸುಮ್ನೆ ಅನ್ನ-ಸಾರು' ಅನ್ನುತ್ತಾರೆ. ನೀವು ಎಲೆ ಮುಂದೆ ಕೂತು 'ಹೌದು, ನಿಜಕ್ಕೂ ಏನೂ ಮಾಡಿಲ್ಲ, ಸಾರಿಗೆ ಉಪ್ಪೂ ಕಮ್ಮಿ' ಅನ್ನುತ್ತೀರಾ? 'ತಪ್ಪಿದ್ರ ತಿದ್ರಿ' ಅನ್ನುವುದೂ ಅಂಥದ್ದೇ. ಹಾಗಂತ ಅದು ಪೂರ್ತಿ ಸುಳ್ಳೂ ಅಲ್ಲ. ಅವರಿಗೆ ತಿದ್ದುವವರು ಬೇಕಿತ್ತು. 140 ಜನರ ಮುಂದೆ, ನಿದ್ದೆ ಹೊತ್ತಿನಲ್ಲಿ, ನಂಬರ್ ಹಾಕಿ ಬೇಕಿರಲಿಲ್ಲ. ನಿಮ್ಮ ಹತ್ತಿರ ಅವರ ನಂಬರ್ ಇತ್ತು. ಫೋನ್ ಮಾಡಿ 'ಅಕ್ಕೋರೆ, ಹುಡುಗಿ ವಯಸ್ಸು ಒಂದು ಸಲ ನೋಡ್ತೀರಾ?' ಅಂದಿದ್ದರೆ ಸಾಕಿತ್ತು.

ನೀವು ಕನ್ನಡ ಎಂ.ಎ. ಆದ್ದರಿಂದ ಕವಿರಾಜಮಾರ್ಗವನ್ನು ಪರೀಕ್ಷೆಗಾದರೂ ಓದಿರುತ್ತೀರಿ. ಒಂಬತ್ತನೇ ಶತಮಾನದ ಪುಸ್ತಕ. ಕನ್ನಡದಲ್ಲಿ ನಮಗೆ ಸಿಕ್ಕಿರುವುದರಲ್ಲೇ ಹಳೆಯದು. ಅದರಲ್ಲಿ ಎರಡು ಮಾತಿವೆ. ಒಂದು ನಿಮ್ಮ ಕಡೆ, ಒಂದು ಅಕ್ಕೋರ ಕಡೆ.

ನಿಮ್ಮ ಕಡೆಯ ಮಾತು ಇದು: ಕಣ್ಣಿಗೆ ಹಚ್ಚಿದ ಕಾಡಿಗೆ ಆ ಕಣ್ಣಿಗೇ ಕಾಣುವುದಿಲ್ಲ. ಹಾಗೆಯೇ ಬರೆದವನಿಗೆ ತನ್ನ ತಪ್ಪು ಕಾಣುವುದಿಲ್ಲ. ಅದಕ್ಕೇ ಕಬ್ಬವನ್ನು, ಅಂದರೆ ಕಾವ್ಯವನ್ನು, ಇನ್ನೊಬ್ಬರಿಗೆ ತೋರಿಸಬೇಕು. ಅಂದರೆ ತಪ್ಪು ಹೇಳುವವರು ಬೇಕೇ ಬೇಕು ಅಂತ ಸಾವಿರ ವರ್ಷಕ್ಕೂ ಹಿಂದೆಯೇ ಬರೆದಿಟ್ಟಿದ್ದಾರೆ. ನಿಮ್ಮನ್ನು ನಾನು ಬಾಯಿ ಮುಚ್ಚಿಕೊಂಡಿರಿ ಅನ್ನುತ್ತಿಲ್ಲ.

ಇನ್ನೊಂದು ಮಾತು ಕೇಳಿ. ಕನ್ನಡಗಳಲ್ಲಿ (ಹೌದು, 'ಕನ್ನಡಗಳು', ಒಂದಲ್ಲ) ದೋಷ ಇಷ್ಟೇ ಅಂತ ಎಣಿಸಲು ಹೊರಟರೆ ವಾಸುಕಿಗೂ ಆಗದೆ ಬೇಸರ ಬರುತ್ತದೆ, ಯಾಕೆಂದರೆ ದೇಸಿ (ಆಯಾ ಸೀಮೆಯ ನುಡಿ) ಬೇರೆ ಬೇರೆ ಅನ್ನುತ್ತದೆ ಅದೇ ಪುಸ್ತಕ. ಅಷ್ಟೊಂದು ನಾಲಿಗೆಯ ಹಾವೇ ಕೈ ಚೆಲ್ಲಿದ ಕೆಲಸ ಅದು. ನೀವು 31ಕ್ಕೆ ನಿಲ್ಲಿಸಿದಿರಿ, ದೇವರು ದೊಡ್ಡವನು.

ಈಗ ನನ್ನನ್ನು ಎರಡು ದಿನ ಕಾಡಿದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರ ನಾಲ್ಕು ಪುಟ. ಮೂರನೇ ಪುಟದ ಕೊನೆಯಲ್ಲಿ ಒಂದು ಸಾಲು ನುಸುಳಿಕೊಂಡು ಕೂತಿದೆ: 'ಆ ವಾರವೇ ನಾನೂ ಒಂದು ಕಥೆ ಹಾಕಿದ್ದೆ, ಅದಕ್ಕೆ ಯಾರೂ ಏನೂ ಹೇಳಲಿಲ್ಲ, ಅದು ಬೇರೆ ವಿಷಯ.'

ಬೇರೆ ವಿಷಯ ಅಲ್ಲ ಕಣಮ್ಮ. ಅದೇ ವಿಷಯ.

ನೀವು ಬರೆಯದೇ ಇದ್ದರೂ ನಾನು ಊಹಿಸಬಲ್ಲೆ. ನಿಮ್ಮ ಕಥೆಗೆ ಎರಡು ಹೆಬ್ಬೆರಳು, ಒಂದು ಕೈಮುಗಿದ ಚಿತ್ರ, ಒಂದು 'ಸೂಪರ್ ಮೇಡಂ' ಬಂದಿರುತ್ತದೆ. ಅಕ್ಕೋರ ಕಥೆಗೆ ಜನ ಉದ್ದುದ್ದ ಬರೆದರು, ತಮ್ಮ ಅವ್ವನ ನೆನಪು ತೆಗೆದರು, ಒಬ್ಬರಂತೂ ಧ್ವನಿಸಂದೇಶದಲ್ಲಿ ಅತ್ತರು ಅಂತ ನೀವೇ ಬರೆದಿದ್ದೀರಿ. ವ್ಯಾಕರಣ ತಪ್ಪಿಲ್ಲದ ನಿಮ್ಮ ಕಥೆ ಅವತ್ತು ಮಧ್ಯಾಹ್ನದ ಹೊತ್ತಿಗೆ ಮೇಲಕ್ಕೆ ಸರಿದು ಹೋಯಿತು. ಆ ರಾತ್ರಿ ನಿಮಗೆ ನಿದ್ದೆ ಬರಲಿಲ್ಲ. ಹನ್ನೊಂದೂವರೆ ಗಂಟೆಗೆ ಪಟ್ಟಿ ಹಾಕಿದಿರಿ. ಕೆಟ್ಟವರು ಅಂತ ಹೀಗೆ ಮಾಡಿದಿರಿ ಅನ್ನುತ್ತಿಲ್ಲ. ಹಸಿದವರು ಪಕ್ಕದ ಎಲೆಯನ್ನು ನೋಡುತ್ತಾರೆ. ನಿಮಗೆ ಓದುಗರ ಹಸಿವು.

ನನಗೂ ಆ ಹಸಿವು ಗೊತ್ತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ಮಾಸಪತ್ರಿಕೆಗೆ ಅಜ್ಜಿಯ ಮೇಲೆ ಕಥೆ ಕಳಿಸಿದ್ದೆ. ವಾಪಸ್ ಬಂತು. ಜೊತೆಗೆ ಒಂದು ಪೋಸ್ಟ್ ಕಾರ್ಡ್. ಅದರಲ್ಲಿ ಸಂಪಾದಕರು ಬರೆದಿದ್ದು ಎರಡೇ ಸಾಲು: 'ನಿಮ್ಮ ಅಜ್ಜಿ ಎರಡನೇ ಪುಟದಲ್ಲಿ ಬರುತ್ತಾರೆ. ಮೊದಲನೇ ಪುಟ ಯಾಕಿದೆ?' ನಾನು ಒಂದು ವಾರ ಅತ್ತೆ. ಆಮೇಲೆ ಮೊದಲ ಪುಟ ಹರಿದೆ. ಇವತ್ತಿಗೂ ಏನು ಬರೆದರೂ ಮೊದಲ ಪುಟವನ್ನು ಅನುಮಾನದಿಂದಲೇ ನೋಡುತ್ತೇನೆ. ಆ ಕಥೆಯಲ್ಲಿ ಕಾಗುಣಿತದ ತಪ್ಪು ಬೇಕಾದಷ್ಟಿದ್ದವು. ಅವರು ಒಂದನ್ನೂ ಮುಟ್ಟಲಿಲ್ಲ. ಆ ಕಾರ್ಡು ಬಂದದ್ದು ನನ್ನ ಮನೆಗೆ, ನನ್ನ ಹೆಸರಿಗೆ. ಅಂಚೆಯಣ್ಣ ಓದಿರಬಹುದು, ಅಷ್ಟೇ.

ಇನ್ನು ನಿಮ್ಮ ಅಡ್ಮಿನ್ ಮಹಾಶಯರು. ಮೂರನೇ ಸಲ ಓದಿದಾಗ ಬಂದ ಸಿಟ್ಟು ಇವರ ಮೇಲೆ. ಪಟ್ಟಿ ಹಾಕಿದ ರಾತ್ರಿ ನಿಮಗೊಬ್ಬರಿಗೇ 'ಮೇಡಂ, ಯಾರಾದರೂ ಹೇಳಲೇಬೇಕಿತ್ತು, ಒಳ್ಳೆ ಕೆಲಸ ಮಾಡಿದಿರಿ' ಅಂತ ಕಳಿಸಿದರಂತೆ. ಬೆಳಗ್ಗೆ ಗುಂಪಿನಲ್ಲಿ 'ಹಿರಿಯರನ್ನು ನೋಯಿಸುವುದು ನಮ್ಮ ಸಂಸ್ಕೃತಿ ಅಲ್ಲ' ಅಂದರಂತೆ. ಎರಡು ದೋಣಿಯಲ್ಲಿ ಕಾಲಿಡುವ ಇಂಥವರು ಪ್ರತಿ ಬಳಗದಲ್ಲೂ ಒಬ್ಬರು ಇರುತ್ತಾರೆ. 'ಶುಭೋದಯ ಹಾಕಬಾರದು' ಅಂತ ನಿಯಮ ಮಾಡಲು ಬಂದ ಇವರಿಗೆ, 'ಕಥೆಯ ತಪ್ಪನ್ನು ಬರೆದವರಿಗೆ ನೇರವಾಗಿ ಹೇಳಿ' ಅಂತ ಒಂದು ಸಾಲು ಬರೆಯಲು ಬರಲಿಲ್ಲ. ನಿಮ್ಮ ಕಥೆಗೆ ಒಬ್ಬರೂ ಏನೂ ಹೇಳದಿದ್ದಾಗ, ಬಳಗ ನಡೆಸುವವರು ಅಂತ ಇವರಾದರೂ ಓದಿ ಒಂದು ಮಾತು ಹೇಳಬೇಕಿತ್ತು. ಬಾಯಿಗೆ ಬಂದ ಹಾಗೆ 'ಸೂಪರ್' ಅನ್ನುವ ಗುಂಪಿನಲ್ಲಿ ಕೊನೆಗೆ ಯಾರೋ ಒಬ್ಬರು ಪಟ್ಟಿ ಹಿಡಿದು ಬರುತ್ತಾರೆ. ಈ ಅಂಕಣದಲ್ಲಿ ಇದನ್ನು ಹತ್ತು ಸಲ ಹೇಳಿದ್ದೇನೆ, ಹನ್ನೊಂದನೇ ಸಲ ಹೇಳುತ್ತೇನೆ: ಓದದೆ ಹೊಗಳುವುದು ಬೈಗುಳಕ್ಕಿಂತ ಕಡೆ. ಬೈಯುವವರು ಓದಿಯಾದರೂ ಇರುತ್ತಾರೆ.

ಈಗ ಏನು ಮಾಡಬೇಕು?

ಗುಂಪಿನಲ್ಲಿ ಕ್ಷಮೆ ಕೇಳಬೇಡಿ. ಅಕ್ಕೋರು ಅಲ್ಲಿಲ್ಲವೇ ಇಲ್ಲ. ಯಾರನ್ನು ಕೇಳುತ್ತೀರಿ? ಅಡ್ಮಿನ್ನರನ್ನಾ? ಉಳಿದ 138 ಜನ ನಿಮ್ಮ ಕ್ಷಮೆಯ ಕೆಳಗೆ ಕೈಮುಗಿದ ಚಿತ್ರ ಹಾಕುತ್ತಾರೆ, ನಾಟಕ ಮುಗಿಯುತ್ತದೆ.

ನೀವು ಮಾಡಬೇಕಾದದ್ದು ಒಂದೇ. ಈ ಭಾನುವಾರ ನಿಮ್ಮ ಕಥೆಯನ್ನು, ಯಾರೂ ಏನೂ ಹೇಳದ ಆ ಕಥೆಯನ್ನು, ಪ್ರಿಂಟ್ ತೆಗೆಸಿಕೊಂಡು ನವಲಗುಂದದ ಬಸ್ಸು ಹತ್ತಿ. ಹೋಗುವ ಮೊದಲು ಫೋನ್ ಮಾಡಿ, ಬರಲಾ ಅಂತ ಕೇಳಿ. ಬೇಡ ಅಂದರೆ ಇನ್ನೊಂದು ವಾರ ಬಿಟ್ಟು ಮತ್ತೆ ಕೇಳಿ. ಅವರ ಕಥೆಯನ್ನು ಒಯ್ಯಬೇಡಿ. ಆ ಪಟ್ಟಿಯನ್ನಂತೂ ಖಂಡಿತ ಒಯ್ಯಬೇಡಿ. ನಿಮ್ಮ ಕಥೆಯನ್ನು ಅವರ ಕೈಗೆ ಕೊಡಿ, ಜೊತೆಗೆ ಒಂದು ಪೆನ್ಸಿಲ್. 'ಅಕ್ಕೋರೆ, ಇದು ಯಾಕೆ ಯಾರಿಗೂ ಹತ್ತಲಿಲ್ಲ, ನೋಡಿ ಹೇಳಿ' ಅನ್ನಿ. ಅಷ್ಟು ಹೇಳಿ ಸುಮ್ಮನೆ ಕೂರಿ. ಮೂವತ್ತು ವರ್ಷ ಮಕ್ಕಳಿಗೆ ಕಥೆ ಹೇಳಿದವರು ಅವರು. ಕಥೆ ಎಲ್ಲಿ ತೂಕಡಿಸುತ್ತದೆ ಅಂತ ನಿಮ್ಮ ಎಂ.ಎ.ಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ. ಅವರು ಹೇಳುವುದು ನೋಯಬಹುದು. ನೋಯಲಿ. ಆದರೆ ಅದು ಆ ಕೋಣೆಯಲ್ಲಿ ನಿಮ್ಮಿಬ್ಬರ ನಡುವೆಯೇ ಇರುತ್ತದೆ.

'ನನ್ನನ್ನು ಕ್ಷಮಿಸಿ' ಅಂತ ಬಾಯಿಬಿಟ್ಟು ಹೇಳಬೇಕಾ ಅಂತ ಕೇಳುತ್ತೀರೇನೋ. ಬಂದರೆ ಹೇಳಿ. ಬರದಿದ್ದರೆ ಚರಗ ಅಂದರೇನು ಅಂತ ಕೇಳಿ. ಅವರಿಗೆ ಅರ್ಥವಾಗುತ್ತದೆ.

ರೊಟ್ಟಿ ಕೊಟ್ಟರೆ ಬೇಡ ಅನ್ನಬೇಡಿ, ಎರಡನೆಯದನ್ನೂ ಹಾಕಿಸಿಕೊಳ್ಳಿ. ಮತ್ತೆ ಆ ಐದು ನಿಜವಾದ ತಪ್ಪು? ಹುಡುಗಿಯ ವಯಸ್ಸನ್ನು ಅವರಾಗಿ ಕೇಳಿದರೆ ಹೇಳಿ. ಉಳಿದ ನಾಲ್ಕನ್ನು ಯಾವತ್ತಾದರೂ ಕಥೆ ಅಚ್ಚಿಗೆ ಹೋದಾಗ ಕರಡು ತಿದ್ದುವವರು ನೋಡಿಕೊಳ್ಳುತ್ತಾರೆ, ಅವರಿಗೆ ಅದಕ್ಕೇ ಸಂಬಳ.