ಕಟ್ಟಿಗೆ ಫರ್ನೇಸ್‌ಗೆ ಹಳೇ ಡಕ್ಟ್ ಸಾಕಾ?

ಮಿಷಿಗನ್ ಮನೆಯ ಬೇಸ್‌ಮೆಂಟ್‌ನಲ್ಲಿ ಮನೆ ಬಿಸಿ ಮಾಡುವ ಗ್ಯಾಸ್ ಫರ್ನೇಸ್ ಪಕ್ಕ ಕಟ್ಟಿಗೆಯದ್ದೂ ಇಟ್ಟು, ಕೋಣೆಗಳಿಗೆ ಬಿಸಿಗಾಳಿ ಒಯ್ಯುವ ಹಳೇ ಡಕ್ಟ್‌ಗೇ (ಕೊಳವೆಗೇ) ಸೇರಿಸಬಹುದಾ ಅಂತ ಕೇಳಿದ್ದೀರಿ. ಸೇರಿಸಬಹುದು ಸರ್. ಆದರೆ ಗ್ಯಾಸ್ ಸ್ವಿಚ್ ಒತ್ತಿದರೆ ಆರುತ್ತದೆ, ಕಟ್ಟಿಗೆ ಆರಲ್ಲ. ಕರೆಂಟ್ ಹೋಗಿ ಬಿಸಿಗಾಳಿ ತಳ್ಳುವ ಫ್ಯಾನ್ ನಿಂತರೂ ಒಳಗೆ ಕೆಂಡ ನಿಗಿನಿಗಿ ಅಂತಿರುತ್ತದೆ, ಆ ಕಾವೆಲ್ಲ ಡಕ್ಟ್‌ನಲ್ಲೇ ಮೇಲೇರುತ್ತದೆ. ಅದಕ್ಕೇ ಫರ್ನೇಸ್‌ನಿಂದ ಹೊರಟ ಮೊದಲ 6 ಅಡಿ ಡಕ್ಟ್‌ಗೂ ಮರದ ತೊಲೆಗಳಿಗೂ ನಡುವೆ ಸಾಮಾನ್ಯವಾಗಿ 6 ಇಂಚು ಖಾಲಿ ಜಾಗ ಕೇಳುತ್ತಾರೆ. ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್ ಜಾಸ್ತಿ ಹೇಳಿದರೆ ಅದೇ ಲೆಕ್ಕ. ಫೋಟೋದಲ್ಲಿ ನಿಮ್ಮ ಡಕ್ಟ್ ತೊಲೆಗೆ ಅಂಟಿಕೊಂಡೇ ಇದೆ, ಅಲ್ವಾ? ಅಷ್ಟು ಭಾಗ ಬಿಚ್ಚಿಸಿ ಕೆಳಗಿಳಿಸಿ. ತಗಡಿನದ್ದೇ ಹಾಕಿಸಿ, ಬಾಗುವ ಫ್ಲೆಕ್ಸ್ ಪೈಪ್ ಬೇಡ. ಒಂದು ಫರ್ನೇಸ್‌ನ ಗಾಳಿ ಇನ್ನೊಂದಕ್ಕೆ ವಾಪಸ್ ನುಗ್ಗದಂತೆ ಡ್ಯಾಂಪರ್ (ಡಕ್ಟ್ ಒಳಗೆ ಗಾಳಿ ತಡೆಯುವ ಮುಚ್ಚಳ) ಬೇಕು. ಹೊಗೆಕೊಳವೆಯಂತೂ ಎರಡಕ್ಕೂ ಬೇರೆಬೇರೆಯೇ ಇರಲಿ.