ವೀಣೆ ಬಿಡಿಸಿದರೆ ದೊಣ್ಣೆಗೆ ಎರಡು ಮಡಕೆ ಕಟ್ಟಿದ ಹಾಗೆ ಕಾಣುತ್ತದೆ, ಏನು ಮಾಡಲಿ?

ಎರಡು ಬುರುಡೆಗಳನ್ನೂ (ವೀಣೆಯ ಎರಡು ತುದಿಗಳ ಕಡೆ ಇರುವ ಗುಂಡನೆಯ ಭಾಗಗಳು) ಒಂದೇ ಅಳತೆಗೆ, ಒಂದೇ ಗೆರೆಯ ಮೇಲೆ ಬರೆದಿರುತ್ತೀರಿ. ಚಿತ್ರ ನೋಡದೆ ಹೇಳುತ್ತಿದ್ದೇನೆ, ಆದರೆ ನಾನೂ ಇದೇ ತಪ್ಪು ಮಾಡಿದ್ದೆ.

ಮೊದಲು ಪೆನ್ಸಿಲ್‌ನಲ್ಲಿ ತೆಳುವಾಗಿ ಒಂದು ಓರೆ ಗೆರೆ ಎಳೆಯಿರಿ. ಅದು ದಂಡಿ, ಅಂದರೆ ವೀಣೆಯ ಉದ್ದನೆಯ ಕೋಲು, ಎಲ್ಲಿ ಬರಬೇಕು ಅನ್ನುವುದಕ್ಕೆ ಗುರುತು ಮಾತ್ರ. ಬಲತುದಿಗೆ ದೊಡ್ಡ ಬುರುಡೆ. ಅದರ ಅಗಲ ಇಡೀ ವೀಣೆಯ ಉದ್ದದ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ ಇರಲಿ. ಇದು ಹಲಸಿನ ಮರದ್ದು, ಮೇಲ್ಭಾಗ ಚಪ್ಪಟೆ, ಹೊಟ್ಟೆ ಮಾತ್ರ ಗುಂಡಗೆ. ಪೂರ್ತಿ ಚೆಂಡು ಬರೆದರೆ ಮಡಕೆಯೇ ಆಗುತ್ತದೆ! ಚಿಕ್ಕ ಬುರುಡೆ ಎಡತುದಿಯ ಹತ್ತಿರ, ದಂಡಿಯ ಕೆಳಗೆ ನೇತಾಡಬೇಕು. ಆಮೇಲೆ ಎಡತುದಿಯನ್ನು ಕೆಳಕ್ಕೆ ಬಗ್ಗಿಸಿ ಯಾಳಿ (ಸಿಂಹದಂಥ ಕಾಲ್ಪನಿಕ ಪ್ರಾಣಿ) ಮುಖ ಬರೆಯಿರಿ. ಮುಖ ಕಷ್ಟ ಅನ್ನಿಸಿದರೆ ಸುಮ್ನೆ ಒಂದು ಸುರುಳಿ ಸಾಕು.

ದಂಡಿಯ ಮೇಲೆ ಅಡ್ಡಲಾಗಿ ಕೂರುವ ಪಟ್ಟಿಗಳೇ ಮೆಟ್ಟುಗಳು, ಒಟ್ಟು 24. ಇವನ್ನು ಸಮ ಅಂತರದಲ್ಲಿ ಹಾಕಿದರೆ ಏಣಿ ಥರ ಕಾಣುತ್ತದೆ. ದೊಡ್ಡ ಬುರುಡೆಯ ನಡುವೆ ಕುದುರೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಚಿಕ್ಕ ಸೇತುವೆ, ಗುರುತಿಸಿ. ಎಡಗಡೆ ತಂತಿ ಶುರುವಾಗುವ ಜಾಗದಿಂದ ಕುದುರೆವರೆಗಿನ ಸರಿ ಅರ್ಧಕ್ಕೆ 12ನೇ ಮೆಟ್ಟು, ಉಳಿದ ಅರ್ಧದ ಅರ್ಧಕ್ಕೆ 24ನೆಯದು. ಮಧ್ಯದವನ್ನು ಕುದುರೆ ಕಡೆ ಹೋದಂತೆ ಒತ್ತೊತ್ತಾಗಿ ತುಂಬಿಸಿ. ಚಿತ್ರ ಚಿಕ್ಕದಾದರೆ ಎಲ್ಲ 24 ಬೇಡ, ಒತ್ತಾಗುವ ಕ್ರಮ ಕಂಡರೆ ಸಾಕು.

ತಂತಿಗಳು ಕೊನೆಗೆ, ಸ್ಕೇಲ್ ಇಟ್ಟು. ಮೆಟ್ಟುಗಳ ಮೇಲೆ ನಾಲ್ಕು, ಪಕ್ಕದಲ್ಲಿ ತಾಳದ ತಂತಿ ಮೂರು. ಏಳಕ್ಕೂ ಒಂದೊಂದು ಬಿರಡೆ (ತಂತಿ ಬಿಗಿಮಾಡುವ ಗೂಟ) ಮರೆಯಬೇಡಿ. ಮೊದಲು ಬರೆದ ಓರೆ ಗೆರೆ ಈಗ ಅಳಿಸಿ.